ಕುರಿ ಕೂತ ಓಣಿ

ಚಿಮ್ಮಡದಿಂದ ಹೊರಟದ್ದು

ಪರದೇಶಕ್ಕೆ ಹೋಗಿ ಬಂದವರನ್ನು ಊರವರು ಮೊದಲು ಕೇಳುವುದು ಚಳಿ ಎಷ್ಟಿತ್ತು, ಊಟಕ್ಕೆ ಏನು ಮಾಡಿದಿರಿ ಎಂದು. ಚಳಿ ಬಹಳ ಇತ್ತು, ಊಟಕ್ಕೆ ಖಡಕ್ ರೊಟ್ಟಿ ಒಯ್ದಿದ್ದೆವು. ಈಗ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ನೂರಾರು ವರ್ಷಗಳ ಹಿಂದೆಯೇ ಹಾಳುಬಿದ್ದ ಒಂದು ಹಳ್ಳಿಯನ್ನು ಇನ್ನೊಂದು ಸಲ ಹಾಳು ಮಾಡುವ ಕೆಲಸಕ್ಕೆ ನಾನು ಕೈ ಹಾಕಿದ್ದೆ. ಅದೂ ಬಹಳ ಧೈರ್ಯದಿಂದ, ಚಹಾ ಕುಡಿಯುತ್ತ.

ನಾನು ರೇಣುಕಾ, ಬನಹಟ್ಟಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಆದರೆ ಇಂಗ್ಲೆಂಡಿನಿಂದ ಕರೆ ಬಂದದ್ದು ನನಗಲ್ಲ, ನಮ್ಮ ಅತ್ತೆ ಮಾಳವ್ವನವರಿಗೆ. ಚಿಮ್ಮಡದಲ್ಲಿ ನಮ್ಮದು ಕುರಿ ಸಾಕುವ ಮನೆತನ. ಅತ್ತೆ ಸಣ್ಣ ಹುಡುಗಿಯಾಗಿದ್ದಾಗಿನಿಂದ ಕಂಬಳಿಗೆ ಉಣ್ಣೆ ನೂಲುತ್ತ ಬಂದವರು. ಎರಡು ವರ್ಷದ ಹಿಂದೆ ಜೋನ್ ಎಂಬ ಹಿರಿಯ ಇಂಗ್ಲಿಷ್ ಹೆಂಗಸು ರಬಕವಿ-ಬನಹಟ್ಟಿಯ ಮಗ್ಗಗಳನ್ನು ನೋಡಲು ಬಂದಿದ್ದರು. ಶಾಲೆಯಲ್ಲಿ ನನ್ನ ಪರಿಚಯವಾಗಿ ಚಿಮ್ಮಡದ ಮನೆಗೂ ಬಂದರು. ಕಟ್ಟೆಯ ಮೇಲೆ ತಕಲಿ ತಿರುವುತ್ತ ಕೂತಿದ್ದ ಅತ್ತೆಯ ಮುಂದೆ ಕೂತವರು ಎರಡು ತಾಸು ಏಳಲಿಲ್ಲ. ಒಬ್ಬರ ಮಾತು ಒಬ್ಬರಿಗೆ ಬಾರದು. ಆದರೂ ಹೊರಡುವಾಗ ಇಬ್ಬರೂ ಒಬ್ಬರ ಕೈ ಒಬ್ಬರು ಬಿಡಲೊಲ್ಲರು.

ಮರುವರ್ಷ ಅವರ ಕಡೆಯ ಉಣ್ಣೆ ಮೇಳಕ್ಕೆ ಬಂದು ನೂಲಬೇಕೆಂದು ಕಾಗದ ಬಂತು. ಅತ್ತೆ ಬೀರಪ್ಪನ ಗುಡಿಯಲ್ಲಿ ಹೂ ಕೇಳಿದರು. ಬಲಗಡೆಯ ಹೂ ಬಿತ್ತು. ನನ್ನ ಗಂಡನಿಗೆ ಕುರಿ ಬಿಟ್ಟು ಬರಲಾಗುವುದಿಲ್ಲ, ಇಂಗ್ಲಿಷ್ ಬರುವ ಸೊಸೆ ಜೊತೆಗೆ ಹೋಗಬೇಕೆಂದಾಯಿತು.

ವಿಮಾನ ನಿಲ್ದಾಣದಲ್ಲಿ ಮೊದಲ ಪೆಟ್ಟು. ಅತ್ತೆ ತಮ್ಮ ಕಬ್ಬಿಣದ ತಕಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದರು. ಪೆಟ್ಟಿಗೆಯಲ್ಲಿ ಹಾಕಿರೆಂದು ನಾನು ಹೇಳಿದ್ದೆ, ಕೇಳಿರಲಿಲ್ಲ. ಚೂಪಾದ ವಸ್ತು ಎಂದು ಅಲ್ಲಿಯ ಹುಡುಗಿ ಅದನ್ನು ಎತ್ತಿಟ್ಟಳು.

“ಕೇಳ ಬೇ ಅಕೀನ್ನ, ನಾ ಇದರಲೇ ಇಮಾನ ತಿವೀತೇನೇನು?” ಎಂದರು ಅತ್ತೆ.

ನಾನು ಕೇಳಲಿಲ್ಲ. ನಲವತ್ತು ವರ್ಷದ ತಕಲಿ ಅಲ್ಲೇ ಉಳಿಯಿತು. ಅತ್ತೆ ಆಕಾಶದಲ್ಲಿ ಹತ್ತು ತಾಸು ನನ್ನ ಜೊತೆ ಮಾತಾಡಲಿಲ್ಲ.

ಬುಧವಾರ, ಜೋನ್ ಅವರ ಮನೆ

ಯಾರ್ಕ್‌ಶೈರಿನ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಹನ್ನೆರಡು ಮನೆಗಳ ಊರು ಅದು. ನಮ್ಮಲ್ಲಾದರೆ ಅದನ್ನು ಊರೆನ್ನುವುದಿಲ್ಲ, ಹೊಲದ ವಸ್ತಿ ಎನ್ನುತ್ತೇವೆ. ಆದರೆ ಆ ಹನ್ನೆರಡು ಮನೆಗಳಿಗೆ ಒಂದು ಅಂಚೆ ಡಬ್ಬಿ, ಒಂದು ಬೆಂಚು, ಬೆಂಚಿನ ಮೇಲೆ ತೀರಿಹೋದ ಯಾರದೋ ಹೆಸರು. ಬಂದವರು ಕೂತು ಗುಡ್ಡ ನೋಡಲಿ ಎಂದು ಸತ್ತವರ ನೆನಪಿಗೆ ಬೆಂಚು ಹಾಕಿಸುವ ರೀತಿ ನನಗೆ ಬಹಳ ಮನಸ್ಸಿಗೆ ಬಂತು. ನಮ್ಮಲ್ಲಿ ಬಸ್ ನಿಲ್ದಾಣಕ್ಕೆ ಹೆಸರಿಡುತ್ತೇವೆ, ಕೂಡಲು ಜಾಗ ಇರುವುದಿಲ್ಲ.

ಜೋನ್ ಹಿತ್ತಲ ಬಾಗಿಲಲ್ಲೇ ಬೂಟು ಕಳಚಿಟ್ಟು ಒಳಗೆ ಹೋದರು. ಅತ್ತೆಗೆ ಅದು ಬಹಳ ಹಿಡಿಸಿತು. ಶಾಣ್ಯಾ ಮಂದಿ ಎಂದರು. ಒಳಗೆ ಸೋಫಾದ ಮೇಲೆ ಸಣಕಲು ನಾಯಿಯೊಂದು ಸ್ವೆಟರ್ ಹಾಕಿಕೊಂಡು ಮಲಗಿತ್ತು. ಉದ್ದ ಮೂತಿ, ಒಳಗೆ ಹೋದ ಹೊಟ್ಟೆ, ಕೋಲಿನಂಥ ಕಾಲು. ಮುಧೋಳದ ನಾಯಿಯ ದೂರದ ಸಂಬಂಧಿಕ ಎಂದು ಯಾರಾದರೂ ಹೇಳಿಯಾರು.

“ನಮ್ಮ ಕಡೆ ನಾಯಿ ಕುರಿ ಕಾಯತಾವ. ಇಲ್ಲಿ ಮಂದಿ ನಾಯಿ ಕಾಯಾಕತ್ತಾರ” ಎಂದರು ಅತ್ತೆ. ಎರಡು ದಿನದಲ್ಲಿ ಆ ನಾಯಿ ಅವರ ಕಂಬಳಿಯೊಳಗೆ ಮಲಗತೊಡಗಿತು.

ಅತ್ತೆಯ ಇನ್ನೊಂದು ಅಭ್ಯಾಸ ಊರಿಗೇ ಗೊತ್ತಾಯಿತು. ಅವರು ಯಾರ ಮನೆಯ ಗಂಟೆಯನ್ನೂ ಒತ್ತುವವರಲ್ಲ. ಬಾಗಿಲ ಮುಂದೆ ನಿಂತು ಚಿಮ್ಮಡದಲ್ಲಿ ಕೂಗುವಂತೆಯೇ “ಯಾರದೀರಿ ಒಳಗ?” ಎಂದು ಕೂಗುತ್ತಿದ್ದರು. ಪಕ್ಕದ ಮನೆಯ ಮುದುಕ ಬೆಂಕಿ ಬಿದ್ದಿದೆಯೆಂದು ಹೊರಗೆ ಓಡಿ ಬಂದ. ನಾನು ಕ್ಷಮೆ ಕೇಳಿದೆ, ಅವನೂ ಕ್ಷಮೆ ಕೇಳಿದ. ಆ ದೇಶದಲ್ಲಿ ತಪ್ಪು ಯಾರದಾದರೂ ಕ್ಷಮೆ ಇಬ್ಬರೂ ಕೇಳುತ್ತಾರೆ. ಜೋನ್ ಮಾತ್ರ ಅದರ ಅರ್ಥ ಕೇಳಿ ತಿಳಿದುಕೊಂಡರು. ಒಳಗಿನವರು ಏನು ಅನ್ನಬೇಕು ಎಂದೂ ಕೇಳಿದರು. “ಬರ್ರಿ, ಒಳಗ ಬರ್ರಿ” ಎಂದು ಅತ್ತೆ ನಾಲ್ಕು ಸಲ ಹೇಳಿಕೊಟ್ಟರು. ಜೋನ್ ಬಾಯಲ್ಲಿ ಅದು ಬೇರೆಯೇ ಏನೋ ಆಗಿ ಹೊರಬಂತು. ಅತ್ತೆ ಪಾಸು ಮಾಡಲಿಲ್ಲ.

ಅಡುಗೆಮನೆಯ ಗೋಡೆಯ ಮೇಲೆ ದೊಡ್ಡ ನಕ್ಷೆಯೊಂದಿತ್ತು. ಅಂಚೆ ಹಂಚುತ್ತಿದ್ದ ಜೋನ್ ಅವರ ಗಂಡ ಪೀಟರ್ ಬಿಟ್ಟುಹೋದದ್ದು. ಎಸ್ಕರ್ಬಿ ಎಂಬ ಹಳ್ಳಿ ಇಲ್ಲೇ ಎಲ್ಲೋ ಇತ್ತೆಂದು ಹಳೆಯ ತೆರಿಗೆ ಕಾಗದದಲ್ಲಿದೆ. ಬಾವಿಯ ಬಳಿಯ ವಿಲಿಯಂ, ವಿಧವೆ ಆಲಿಸ್ ಎಂದು ಮನೆಯವರ ಹೆಸರೂ ಇವೆ. ನೆಲದ ಮೇಲೆ ಒಂದು ಕಲ್ಲೂ ಇಲ್ಲ. ಪೀಟರ್ ಇಪ್ಪತ್ತು ವರ್ಷ ಹುಡುಕಿದರು. ತೊರೆಯ ಪಕ್ಕದ ಪೂರ್ವದ ಹೊಲವೇ ಎಂದು ನಂಬಿದ್ದರು. ಉಳಿದವರು ನಕ್ಕರು. ನಾಲ್ಕು ವರ್ಷದ ಹಿಂದೆ ಅವರು ತೀರಿಕೊಂಡರು.

ಈಗ ತುರ್ತಿತ್ತು. ಪೂರ್ವದ ಹೊಲ, ಪಶ್ಚಿಮದ ಹೊಲ ಎರಡೂ ಡೇವಿಡ್ ಎಂಬ ರೈತನವು. ತಲೆಮಾರುಗಳಿಂದ ಉಳದೆ ಬಿಟ್ಟ ಹುಲ್ಲುಗಾವಲು. ಈ ವರ್ಷ ಗೋಧಿಗೆ ಉಳಲೇಬೇಕು ಎಂದಿದ್ದ. ಆದರೆ ಹಳೆಯ ಊರಿದ್ದ ಜಾಗ ಇದೇ ಎಂದು ತೋರಿಸಿದರೆ ಆ ಹೊಲವನ್ನು ಬಿಡುತ್ತೇನೆ ಎಂದು ಜೋನ್ ಅವರಿಗೆ ಮಾತು ಕೊಟ್ಟಿದ್ದ. ಟ್ರ್ಯಾಕ್ಟರ್ ಬರುವುದು ಸೋಮವಾರ. ನಾವು ಹೊರಡುವುದೂ ಅಂದೇ.

ಊರು ಯಾಕೆ ಹಾಳಾಯಿತು, ಬೇನೆ ಬಂದಿತ್ತೇ ಎಂದು ಅತ್ತೆ ಕೇಳಿದರು. ಬೇನೆ ಅಲ್ಲ, ಒಡೆಯನಿಗೆ ಉಣ್ಣೆಯ ಆಸೆಯಾಗಿ ರೈತರನ್ನು ಎಬ್ಬಿಸಿ ಕುರಿ ಬಿಟ್ಟನಂತೆ ಎಂದು ಜೋನ್ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. ಅತ್ತೆಯ ಮುಖ ಸಣ್ಣದಾಯಿತು. ನಮ್ಮಲ್ಲಿ ರೈತರೇ ಕರೆದು ತಮ್ಮ ಹೊಲದಲ್ಲಿ ರಾತ್ರಿ ಕುರಿ ಕೂಡಿಸಿಕೊಳ್ಳುತ್ತಾರೆ, ಗೊಬ್ಬರಕ್ಕೆ. ಕುರಿಯವರಿಗೆ ಜೋಳ ಅಳೆದು ಕೊಡುತ್ತಾರೆ.

“ಕುರಿ ಯಾರನ್ನೂ ಎಬ್ಬಸೂದಿಲ್ಲ” ಎಂದರು ಅತ್ತೆ. “ಕುರಿ ಇಟ್ಟಾಂವ ಎಬ್ಬಿಸಿರಬೇಕು. ಹೇಳ ಅಕೀಗೆ.”

ಗುರುವಾರ, ಎರಡು ಹೊಲಗಳು

ಡೇವಿಡ್ ಆರಡಿ ಎತ್ತರದ, ಮೂರು ಮಾತಿನ ಮನುಷ್ಯ. ಮೊದಲು ಪೂರ್ವದ ಹೊಲ ತೋರಿಸಿದ. ಹಸಿ ಹುಲ್ಲು, ಕೆಸರು, ಅಲ್ಲಲ್ಲಿ ತಗ್ಗು. ನನ್ನ ಬೂಟು ಎರಡು ಸಲ ಅಲ್ಲೇ ಉಳಿಯಿತು. ಆಮೇಲೆ ಪಶ್ಚಿಮದ ಹೊಲಕ್ಕೆ ಬಂದೆವು. ಅಲ್ಲಿ ಒಣ ನೆಲದಲ್ಲಿ ಉದ್ದುದ್ದ ನಾಲ್ಕು ದಿಬ್ಬಗಳು, ಎದೆಯೆತ್ತರ.

ನನಗೆ ಮೈ ಜುಮ್ಮೆಂದಿತು. ಕಾರಣ ಹೇಳುತ್ತೇನೆ. ನಮ್ಮ ಕಡೆ ಊರು ಸತ್ತರೆ ದಿಬ್ಬವಾಗುತ್ತದೆ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಎಲ್ಲ ಒಂದರ ಮೇಲೊಂದು ಕುಸಿದು ನೂರು ವರ್ಷಕ್ಕೆ ಗುಡ್ಡೆ. ಜಮಖಂಡಿಗೆ ಹೋಗುವ ದಾರಿಯಲ್ಲಿ ಅಂಥದೊಂದು ಹಾಳೂರ ದಿಬ್ಬವಿದೆ. ಮಳೆ ಬಂದ ಮರುದಿನ ಬಳೆಚೂರು, ಒಡೆದ ಗಡಿಗೆಯ ಬೋಕಿ ಸಿಗುತ್ತವೆ. ಆ ಮಣ್ಣು ಬೆಳೆಗೆ ಒಳ್ಳೆಯದೆಂದು ರೈತರು ಬಂಡಿ ಹೇರಿ ಒಯ್ಯುತ್ತಾರೆ. ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ನಾನು ಪಾಠ ಮಾಡುತ್ತೇನೆ. ಹಾಳೂರು ಗುರುತಿಸುವುದು ನನಗೆ ನೀರು ಕುಡಿದಷ್ಟು ಸುಲಭ.

ಮನೆಗೆ ಬಂದು ಚಹಾದ ಮುಂದೆ ಪಶ್ಚಿಮದ ಹೊಲವೇ ಊರು ಎಂದು ತೀರ್ಪು ಕೊಟ್ಟೆ. ಕರಿಹಲಗೆ ಇಲ್ಲದ್ದೊಂದೇ ಕೊರತೆ. ಜೋನ್ ಅಂಜುತ್ತ ಪೀಟರ್ ಅವರ ಟಿಪ್ಪಣಿ ಪುಸ್ತಕ ತೆಗೆದರು. ಆ ದಿಬ್ಬಗಳು ಮೊಲ ಸಾಕಲು ಕಟ್ಟಿದವು ಎಂದು ಅದರಲ್ಲಿತ್ತು. ಮೊಲಕ್ಕೆ ಯಾರಾದರೂ ಮನೆ ಕಟ್ಟಿಸುತ್ತಾರೆಯೇ ಎಂದು ನಾನು ನಕ್ಕುಬಿಟ್ಟೆ. ನಮ್ಮ ಕಡೆ ಮೊಲ ಅಂದರೆ ನಾಯಿ ಬೆನ್ನಟ್ಟಬೇಕಾದ ಪ್ರಾಣಿ. ಜೋನ್ ಕೂಡ ನಕ್ಕು ಪುಸ್ತಕ ಮುಚ್ಚಿದರು. ಆ ನಗೆ ಈಗ ನೆನಪಾದರೂ ನನಗೆ ನಾಚಿಕೆಯಾಗುತ್ತದೆ.

ಟೀಚರ್ ಹೇಳಿದ ಮೇಲೆ ಆಯಿತು, ಪಶ್ಚಿಮ ಉಳಿಸುತ್ತೇನೆ, ಪೂರ್ವ ಉಳುತ್ತೇನೆ ಎಂದು, ನಮ್ಮ ಜೊತೆ ಚಹಾಕ್ಕೆ ಕೂತಿದ್ದ ಡೇವಿಡ್ ಎದ್ದ.

ಶುಕ್ರವಾರ, ಉಣ್ಣೆ ಮೇಳ

ತಕಲಿ ಇಲ್ಲದೆ ನೂಲುವುದು ಹೇಗೆ? ಅತ್ತೆ ಜೋನ್ ಅವರ ಬೇಲಿಯಿಂದ ನೆಟ್ಟಗಿನ ಒಂದು ಕಡ್ಡಿ ಮುರಿದರು, ತುದಿಯಲ್ಲಿ ಕೊಕ್ಕೆ ಕೊರೆದರು, ಬುಡಕ್ಕೆ ಒಂದು ಬಟಾಟಿ ಚುಚ್ಚಿದರು. ಆಯಿತು ತಕಲಿ. ಆ ಬಟಾಟಿ ತಕಲಿಯ ಮುಂದೆ ಮೇಳದ ಮಂದಿಯೆಲ್ಲ ನೆರೆದರು. ಸಾವಿರಾರು ಪೌಂಡಿನ ರಾಟಿಗಳ ಮುಂದೆ ಕೂತಿದ್ದ ಹೆಂಗಸರು ಎದ್ದು ಬಂದು ನೆಲದ ಮೇಲೆ ಕೂತರು. ಅವರ ಕಲಿಯುವ ಆಸೆಗೆ ನಾನು ಕೈ ಮುಗಿಯುತ್ತೇನೆ. ಎಪ್ಪತ್ತು ದಾಟಿದವರು, ಎಳೆ ಹತ್ತು ಸಲ ಹರಿದರೂ ಬೇಸರವಿಲ್ಲ, ನಾಚಿಕೆಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಐದು ಬಟಾಟಿ ತಿರುಗುತ್ತಿದ್ದವು.

ಪಕ್ಕದ ಮೇಜಿನಲ್ಲಿ ಊರ ಇತಿಹಾಸದ ಚಿತ್ರಗಳನ್ನಿಟ್ಟುಕೊಂಡು ಒಬ್ಬ ಅಜ್ಜ ಕೂತಿದ್ದ. ಒಂದು ಚಿತ್ರದಲ್ಲಿ ಅದೇ ಉದ್ದುದ್ದ ದಿಬ್ಬಗಳು. ಏನಿದು ಎಂದು ಕೇಳಿದೆ. ಹಿಂದಿನ ಕಾಲದಲ್ಲಿ ಒಡೆಯರು ಮಾಂಸಕ್ಕೆ, ತುಪ್ಪಟಕ್ಕೆ ಮೊಲ ಸಾಕುತ್ತಿದ್ದರು, ಬಿಲ ತೋಡಲು ಮೆತ್ತಗಿನ ಮಣ್ಣಿನ ದಿಬ್ಬ ಹಾಕಿಸುತ್ತಿದ್ದರು ಎಂದ. ಹಾಗಾದರೆ ಹಾಳೂರು ಹೇಗಿರುತ್ತದೆ ಎಂದು ಕೇಳಿದೆ. ಇಲ್ಲಿ ಕಟ್ಟಿಗೆ, ಹುಲ್ಲಿನ ಮನೆಗಳು, ಅವು ಕೊಳೆತು ಹೋಗುತ್ತವೆ, ಕಲ್ಲಿದ್ದರೆ ಯಾರೋ ಒಯ್ಯುತ್ತಾರೆ, ಮಂದಿ ನಡೆದ ಓಣಿಯೇ ತಗ್ಗಾಗಿ ಉಳಿಯುತ್ತದೆ ಎಂದ. ನಾನು ನೋಡಬೇಕಿದ್ದದ್ದು ತಗ್ಗು, ನೋಡಿದ್ದು ದಿಬ್ಬ.

ಶನಿವಾರ

ಬೆಳಿಗ್ಗೆ ಜೋನ್ ಅವರ ಎದುರಿಗೆ ಕೂತು ಎಲ್ಲ ಹೇಳಿದೆ. ಪೀಟರ್ ಬರೆದದ್ದೇ ಸರಿ, ನಾನು ನಕ್ಕದ್ದು ತಪ್ಪು ಎಂದೆ. ಅವರು ನನ್ನ ಕೈ ತಟ್ಟಿ, ತಾವೇ ಕ್ಷಮೆ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಡೇವಿಡ್ ಬಂದ. ಎಲ್ಲ ಕೇಳಿ, ಮೊಲದ ದಿಬ್ಬಕ್ಕಾಗಿ ಒಂದು ಹೊಲ ಬಿಡಲಾಗುವುದಿಲ್ಲ ಎಂದ. ಪೂರ್ವದ ಹೊಲದಲ್ಲೇ ಊರಿತ್ತು ಅನ್ನುವುದಕ್ಕೂ ಗುರುತೇನಿದೆ? ತಗ್ಗು ಎಲ್ಲ ಹೊಲದಲ್ಲೂ ಇರುತ್ತವೆ. ಮಾತಿನಲ್ಲಿ ಸಿಟ್ಟಿರಲಿಲ್ಲ, ಬೀಜ ಬಂದು ಬಿದ್ದಿತ್ತು ಅಷ್ಟೇ. ಎರಡನ್ನೂ ಉಳುತ್ತೇನೆ ಎಂದು ಹೇಳಿ ಹೋದ. ಜೋನ್ ತೊಳೆದ ಬಟ್ಟಲುಗಳನ್ನೇ ಮತ್ತೆ ತೊಳೆಯುತ್ತ ನಿಂತರು.

ನನಗೆ ನಮ್ಮಪ್ಪ ನೆನಪಾದರು. ನನ್ನ ತವರು ಬೀಳಗಿ ತಾಲೂಕಿನ ಹೊಳೆದಂಡೆ. ಹಳೆಯ ಊರು ಹಿನ್ನೀರಿನಲ್ಲಿ ಹೋಗಿದೆ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಅಪ್ಪ ಗಲಗಲಿ ಕಡೆಯ ದಂಡೆಯಲ್ಲಿ ನಿಂತು, ಅಗೋ ನಮ್ಮ ಪಡಸಾಲಿ ಎಂದು ಬೆರಳು ಮಾಡುತ್ತಿದ್ದರು. ಅಲ್ಲಿ ಬರೀ ಕೆಸರು. ಆದರೂ ಬೆರಳು ಮಾಡಲು ಅವರಿಗೊಂದು ಜಾಗವಿತ್ತು. ಜೋನ್ ಅವರಿಗೆ ಅದೂ ಇಲ್ಲದಂತೆ ನಾನು ಮಾಡಿದ್ದೆ. ಇಪ್ಪತ್ತು ವರ್ಷ ನಡೆದ ಒಬ್ಬ ಮನುಷ್ಯನ ಮಾತನ್ನು ಒಂದು ಬಟ್ಟಲು ಚಹಾದಲ್ಲಿ ಮುಳುಗಿಸಿದ್ದೆ. ಅಡುಗೆಮನೆಯ ಹಿಂದೆ ಹೋಗಿ ಕಣ್ಣೀರು ಹಾಕಿದೆ.

“ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಬೇಕಿತ್ತು” ಎಂದರು ಅತ್ತೆ. ಸಮಾಧಾನ ಹೇಳುವುದು ಅವರ ಜಾಯಮಾನವಲ್ಲ. ಆಮೇಲೆ, ಡೇವಿಡ್‌ನ ಕುರಿ ಈಗ ಎಲ್ಲಿವೆ ಎಂದು ಕೇಳಿದರು. ಉಳುವ ಮುಂಚೆ ಹುಲ್ಲು ಮೇದು ಮುಗಿಸಲಿ ಎಂದು ಡೇವಿಡ್ ಪೂರ್ವದ ಹೊಲಕ್ಕೆ ಬಿಟ್ಟಿದ್ದ. ಬಂದು ನಾಲ್ಕು ದಿನವಾದರೂ ಕುರಿಗಳನ್ನು ಹತ್ತಿರದಿಂದ ನೋಡಿಲ್ಲ, ನಾಳೆ ಬೆಳಿಗ್ಗೆ ನೋಡಲೇಬೇಕು ಎಂದರು.

ಭಾನುವಾರ, ಪೂರ್ವದ ಹೊಲ

ರಾತ್ರಿಯೆಲ್ಲ ಮಳೆಯಾಗಿತ್ತು. ಬೆಳಿಗ್ಗೆ ಮೂವರೂ ಹೋದೆವು. ನಾಯಿಯೂ ಬಂತು, ಸ್ವೆಟರ್ ಸಮೇತ. ಡೇವಿಡ್ ಆಗಲೇ ಹೊಲದ ಅಗಸಿ ಬಾಗಿಲ ಬಳಿ ಟ್ರ್ಯಾಕ್ಟರಿಗೆ ದಾರಿ ಮಾಡಲು ಬೇಲಿಯ ಗೂಟ ಕೀಳುತ್ತಿದ್ದ.

ಅತ್ತೆ ಅಗಸಿಯಲ್ಲೇ ನಿಂತುಬಿಟ್ಟರು. ಕುರಿಗಳು ಇನ್ನೂ ಎದ್ದಿರಲಿಲ್ಲ. ಮೆಲುಕು ಹಾಕುತ್ತ ಕೂತಿದ್ದವು. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಎಡದಿಂದ ಬಲಕ್ಕೆ ನೋಡಿದರು, ಮತ್ತೆ ಬಲದಿಂದ ಎಡಕ್ಕೆ.

“ರೇಣುಕಾ, ಇಲ್ಲಿ ಬಾ ಬೇ. ಕುರಿ ಹೆಂಗ ಕುಂತಾವ ನೋಡ.”

ಕುರಿ ಕೂತಂತೆ ಕೂತಿದ್ದವು. ನನಗೇನೂ ಕಾಣಲಿಲ್ಲ.

“ಕುರಿ ಹಸೀ ನೆಲದಾಗ ಕುಂದ್ರೂದಿಲ್ಲ. ಒಣಾ ನೆಲಾ ಹುಡಕಿ ಕುಂದ್ರತಾವ. ಅಲ್ಲಿ ನಾಕ, ಅದರ ಬಾಜೂಕ ಐದ. ನಡುವ ಜಾಗಾ ಬಿಟ್ಟಾವ. ಈ ಕಡೆ ಸಾಲಿನ್ಯಾಗೂ ಹಂಗ. ಎರಡ ಸಾಲ ಅದಾವ, ಎದುರಾಬದುರಾ, ಒಂದರ ಮಾರಿ ಒಂದಕ್ಕ. ನಡುವ ಒಂದೂ ಕುಂತಿಲ್ಲ.” ಅತ್ತೆ ನನ್ನ ಕಡೆ ತಿರುಗಿದರು. “ಓಣಿ ಐತಿ ಇದು.”

ಆಗ ನನಗೆ ಕಂಡಿತು. ಒಮ್ಮೆ ಕಂಡ ಮೇಲೆ ಕಾಣದೆ ಇರಲು ಸಾಧ್ಯವೇ ಇರಲಿಲ್ಲ. ಮೊಳಕಾಲೆತ್ತರವೂ ಇಲ್ಲದ ಚೌಕಗಳು, ಹುಲ್ಲಿನಡಿ ಮುಚ್ಚಿಹೋದವು, ಒಂದೊಂದರ ಮೇಲೂ ಒಂದು ಕುಟುಂಬದಷ್ಟು ಕುರಿ. ನಡುವೆ ನೀರು ನಿಂತ ತಗ್ಗು, ಗುರುವಾರ ನನ್ನ ಬೂಟು ಕಿತ್ತುಕೊಂಡದ್ದು, ನೆಟ್ಟಗೆ ತೊರೆಯವರೆಗೆ ಹೋಗಿತ್ತು. ನಾನು ತಡವರಿಸುತ್ತ ಇಂಗ್ಲಿಷಿಗೆ ತಂದೆ. ಜೋನ್ ಬಾಯಿಗೆ ಕೈ ಹಿಡಿದು ನಿಂತರು.

ಡೇವಿಡ್ ಕೈಯಲ್ಲಿದ್ದ ಗೂಟ ಕೆಳಗಿಟ್ಟ. ಚಿಕ್ಕವನಿದ್ದಾಗಿನಿಂದ ಇವು ಹೀಗೆಯೇ ಕೂಡುತ್ತವೆ, ಕುರಿಯೆಂದರೆ ಹೀಗೆಯೇ ಕೂಡುವುದು ಎಂದುಕೊಂಡಿದ್ದೆ ಎಂದ. ಆಮೇಲೆ ಗೂಟ ಹಾಕುವ ಕಬ್ಬಿಣದ ಹಾರೆ ತಂದ. ಅತ್ತೆ ಕುರಿಗಳನ್ನು ಹೆದರಿಸದೆ, ನಾಲಗೆಯಲ್ಲಿ ಸಣ್ಣಗೆ ಸದ್ದು ಮಾಡುತ್ತ ಒಂದು ಚೌಕದಿಂದ ಎಬ್ಬಿಸಿದರು. ಯಾರ್ಕ್‌ಶೈರಿನ ಕುರಿಗೆ ಚಿಮ್ಮಡದ ಮಾತು ತಿಳಿಯಿತು. ಡೇವಿಡ್ ಚೌಕದ ಅಂಚಿನಲ್ಲಿ ಹಾರೆ ಊರಿದ. ಗೇಣು ಇಳಿಯುವಷ್ಟರಲ್ಲಿ ಟಣ್ ಎಂದಿತು. ಒಂದು ಹೆಜ್ಜೆ ಆಚೆ ಊರಿದ, ಮತ್ತೆ ಟಣ್. ಅಂಚು ಬಿಟ್ಟು ಹೊರಗೆ ಊರಿದ, ಮೊಳದುದ್ದ ಸದ್ದಿಲ್ಲದೆ ಇಳಿಯಿತು. ನಾಲ್ಕೂ ಮಗ್ಗಲು ಹೀಗೆ ತಿರುಗಿದ. ಮುಂದಿನ ಚೌಕದಲ್ಲೂ ಹಾಗೆಯೇ. ಹುಲ್ಲಿನಡಿ ಗೋಡೆಯ ಬುಡದ ಕಲ್ಲು ಸಾಲಾಗಿ ಇದ್ದವು, ಯಾರೂ ಒಯ್ದಿರಲಿಲ್ಲ.

ಡೇವಿಡ್ ಹಾರೆ ಕೆಳಗಿಟ್ಟು ಟೋಪಿ ತೆಗೆದ. “ಪೀಟರ್ ನನಗೆ ನೂರು ಸಲ ಹೇಳಿದ್ದ” ಎಂದ ಜೋನ್ ಅವರಿಗೆ. “ಇದನ್ನು ನಾನು ಉಳುವುದಿಲ್ಲ.” ಕಿತ್ತಿದ್ದ ಗೂಟಗಳನ್ನು ಒಂದೊಂದಾಗಿ ಮತ್ತೆ ಊರಲು ಹೋದ. ನನಗೆ ಅವನ ಮೇಲೆ ಎಷ್ಟು ಗೌರವ ಬಂತೆಂದು ಬರೆದು ತೋರಿಸಲಾರೆ. ಒಂದು ಹೊಲದ ಗೋಧಿಯನ್ನು ಒಂದೇ ಮಾತಿನಲ್ಲಿ ಬಿಟ್ಟುಕೊಡುವವರನ್ನು ನಾನು ಹೆಚ್ಚು ನೋಡಿಲ್ಲ.

ಜೋನ್ ಅಳಲಿಲ್ಲ. ಓಣಿಯ ತುದಿಯ ಚೌಕವೊಂದನ್ನು ದಿಟ್ಟಿಸುತ್ತಿದ್ದರು. ತೊರೆಯಿಂದ ದೂರ, ಎಲ್ಲಕ್ಕಿಂತ ಸಣ್ಣದು. ವಿಧವೆ ಆಲಿಸ್ ಮನೆ ಅದೇ ಇರಬಹುದೆಂದು ಪೀಟರ್ ಅಂದಾಜು ಮಾಡುತ್ತಿದ್ದರಂತೆ. ಅದು ಖರೆಯೋ ಅಲ್ಲವೋ ಯಾರೂ ಹೇಳಲಾರರು. ಈ ಸಲ ನಾನು ಬಾಯಿ ತೆರೆಯಲಿಲ್ಲ.

ಅತ್ತೆ ಆ ಕಡೆಗೇ ನಡೆದರು. ಚೌಕದ ಮುಂದಿನ ಅಂಚು ಒಂದು ಕಡೆ ಮುರಿದಿತ್ತು, ಬಾಗಿಲಿನಷ್ಟು ಅಗಲ. ಅಲ್ಲಿ ನಿಂತು, ನಾನು ದಿನಾಲೂ ಬೇಡಿಕೊಂಡು ಹಾಕಿಸುತ್ತಿದ್ದ ಬೂಟುಗಳನ್ನು ಕಳಚಿ ಹುಲ್ಲಿನ ಮೇಲೆ ಜೋಡಿಸಿಟ್ಟರು. ಅವರು ಸೆರಗು ಸರಿಮಾಡಿಕೊಂಡರು.

“ಯಾರದೀರಿ ಒಳಗ?”

ಒಂದು ಮುದಿ ಕುರಿ ಎದ್ದು ನಿಂತು ನೋಡಿತು. ನಮ್ಮ ಹಿಂದೆ ಜೋನ್ ಬಗ್ಗಿ ತಮ್ಮ ಬೂಟಿನ ದಾರ ಬಿಚ್ಚುತ್ತಿದ್ದರು. ಎರಡನ್ನೂ ಕಳಚಿ, ಅತ್ತೆಯ ಬೂಟಿನ ಪಕ್ಕ ಇಟ್ಟು, ಅತ್ತೆಯನ್ನು ದಾಟಿ ಆ ಬಾಗಿಲಿನಿಂದ ಒಳಗೆ ಹೋದರು. ಹುಲ್ಲಿನ ನಡುವೆ ನಿಂತು ಈ ಕಡೆ ತಿರುಗಿದರು.

“ಬರ್ರಿ” ಎಂದರು. “ಒಳಗ ಬರ್ರಿ.”

ಉಚ್ಚಾರ ಅಂದೂ ಸರಿ ಇರಲಿಲ್ಲ. ಅತ್ತೆ ತಲೆಯಾಡಿಸಿ ಒಳಗೆ ಹೋದರು.